ಮಗ ಎಷ್ಟು ಗಂಟೆಗೆ ಮುಟ್ಟುತ್ತಾನೆ? ವಿಮಾನದ ದೂರ ಮತ್ತು ಸಮಯ ಲೆಕ್ಕ ಹಾಕುವ ಕ್ರಮ

ಕಳೆದ ಆಗಸ್ಟಿನಲ್ಲಿ ಒಂದು ಸಂಜೆ ನೆರೆಮನೆಯ ಅಕ್ಕ ಒಂದು ಕಾಗದ ಹಿಡಿದುಕೊಂಡು ಬಂದರು. ನಮ್ಮ ಮನೆ ಬದಿಯಡ್ಕದ ಹತ್ತಿರ. ಅವರ ಮಗ ಓದಲಿಕ್ಕೆ ಕೆನಡಾದ ಟೊರೊಂಟೊಗೆ ಹೊರಟಿದ್ದ. ಕಾಗದ ಅವನ ಟಿಕೆಟ್.

"ಮಾಷ್ಟ್ರೆ, 28ರ ರಾತ್ರಿ ಒಂಬತ್ತೂವರೆಗೆ ಮಂಗಳೂರಿನಿಂದ ಹೊರಡುವುದು, 29ರ ಬೆಳಿಗ್ಗೆ ಒಂಬತ್ತೂವರೆಗೆ ಅಲ್ಲಿ ಮುಟ್ಟುವುದು ಅಂತ ಉಂಟು. ಹನ್ನೆರಡು ಗಂಟೆಯ ದಾರಿ ಅಲ್ವಾ? ಹಾಗಾದರೆ ನಾನು ಬೆಳಿಗ್ಗೆ ಹತ್ತಕ್ಕೆ ಫೋನ್ ಕಾಯಬಹುದು."

ಇಲ್ಲ ಅಕ್ಕ, ಬೆಳಿಗ್ಗೆ ಹತ್ತಕ್ಕೆ ಅವನು ಇನ್ನೂ ಅರ್ಧ ದಾರಿಯಲ್ಲಿರುತ್ತಾನೆ ಎಂದೆ. ಅವರ ಮುಖ ಸಣ್ಣದಾಯಿತು. ಅವತ್ತು ಇಬ್ಬರೂ ಜಗಲಿಯಲ್ಲಿ ಕೂತು ಒಂದು ಗಂಟೆ ಲೆಕ್ಕ ಹಾಕಿದೆವು. ಕಾಸರಗೋಡಿನ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಯಾರಾದರೊಬ್ಬರು ಹೊರದೇಶದಲ್ಲಿದ್ದಾರೆ. ಕಳಿಸಿಕೊಟ್ಟ ಮನೆಯವರಿಗೆ ಈ ಲೆಕ್ಕ ತಿಳಿದಿದ್ದರೆ ಸುಮ್ನೆ ಹೆದರುವ ಎಷ್ಟೋ ಗಂಟೆಗಳು ಉಳಿಯುತ್ತವೆ. ಅದಕ್ಕೇ ಅವತ್ತು ಮಾಡಿದ್ದನ್ನು ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಟಿಕೆಟ್‌ನ ಗಂಟೆಗಳನ್ನು ಸ್ವಲ್ಪ ಸರಿಮಾಡಿಕೊಂಡಿದ್ದೇನೆ. ನಿಮ್ಮ ಟಿಕೆಟ್ ಎದುರಿಗಿಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಯಾವ ವಿಮಾನ ನಿಲ್ದಾಣ ಎಂದು ಖಾತ್ರಿ ಮಾಡಿಕೊಳ್ಳಿ

ಊರಿನ ಹೆಸರು ನೋಡಿದರೆ ಸಾಲದು, ಮೂರು ಅಕ್ಷರದ ಕೋಡ್ ನೋಡಬೇಕು. ಮಂಗಳೂರಿನದ್ದು ಐಎಕ್ಸ್‌ಇ. ಐಎಕ್ಸ್‌ಎಂ ಎಂದಿದ್ದರೆ ಅದು ಮಧುರೆ. ಒಂದೇ ಅಕ್ಷರದ ವ್ಯತ್ಯಾಸ. ಕಣ್ಣೂರಿನದ್ದು ಸಿಎನ್‌ಎನ್. ಕರಿಪ್ಪೂರಿನ ಕೋಝಿಕ್ಕೋಡ್ ನಿಲ್ದಾಣದ್ದು ಸಿಸಿಜೆ. ದುಬೈ ಡಿಎಕ್ಸ್‌ಬಿ. ಟೊರೊಂಟೊದ ದೊಡ್ಡ ನಿಲ್ದಾಣ ಪಿಯರ್ಸನ್, ಅದರ ಕೋಡ್ ವೈವೈಝೆಡ್. ಅದೇ ಊರಿನಲ್ಲಿ ಸರೋವರದ ದ್ವೀಪದ ಮೇಲೆ ಇನ್ನೊಂದು ಸಣ್ಣ ನಿಲ್ದಾಣವೂ ಇದೆ. ಲಂಡನ್ನಿಗೆ ಹೋಗುವವರು ಇನ್ನೂ ಜಾಗ್ರತೆ ಇರಬೇಕು. ಹೀಥ್ರೋ, ಗ್ಯಾಟ್‌ವಿಕ್, ಸ್ಟಾನ್‌ಸ್ಟೆಡ್, ಲ್ಯೂಟನ್ ಎಲ್ಲವೂ ಲಂಡನ್ ಎಂದೇ ಕರೆಸಿಕೊಳ್ಳುತ್ತವೆ, ಆದರೆ ಒಂದರಿಂದ ಇನ್ನೊಂದು ಬಹಳ ದೂರ.

ಕಾಸರಗೋಡಿನವರಿಗೆ ಮಂಗಳೂರು, ಕಣ್ಣೂರು ಎರಡೂ ಇವೆ. ಕಾಸರಗೋಡು ಪೇಟೆಯಿಂದ ಮಂಗಳೂರು ನಿಲ್ದಾಣಕ್ಕೆ ನೇರ ಗೆರೆ ಎಳೆದರೆ 52 ಕಿ.ಮೀ., ರಸ್ತೆಯಲ್ಲಿ ಸುಮಾರು 65. ಕಣ್ಣೂರು ನಿಲ್ದಾಣ ಇರುವುದು ಕಣ್ಣೂರು ಪೇಟೆಯಲ್ಲಲ್ಲ, ಒಳಗೆ ಮಟ್ಟನ್ನೂರಿನಲ್ಲಿ. ನೇರ ಗೆರೆಯಲ್ಲಿ 89 ಕಿ.ಮೀ., ರಸ್ತೆಯಲ್ಲಿ ನೂರಕ್ಕೂ ಜಾಸ್ತಿ. 2018ರ ಡಿಸೆಂಬರ್ 9ರಂದು ಅದು ಶುರುವಾದ ಮೇಲೆ ಕಾಞಂಗಾಡು, ನೀಲೇಶ್ವರ ಕಡೆಯವರಿಗೆ ಒಳ್ಳೆಯದಾಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ಮಂಗಳೂರೇ ಹತ್ತಿರ. ಕಣ್ಣೂರಿನ ಟಿಕೆಟ್ ಎರಡು ಸಾವಿರ ಕಡಿಮೆ ಅಂತ ಕಂಡರೂ ಕಾರಿನ ಬಾಡಿಗೆ ಸೇರಿಸಿ ನೋಡಿ.

ಎರಡನೇ ಹೆಜ್ಜೆ: ದೂರವನ್ನು ಗೋಳದ ಮೇಲೆ ಅಳೆಯಿರಿ

ಇದು ನನಗೆ ತುಂಬಾ ಇಷ್ಟದ ಭಾಗ. ಸ್ವಲ್ಪ ನಿಧಾನವಾಗಿ ಹೋಗೋಣ.

ಗೋಡೆಯ ಭೂಪಟ ನೋಡಿ ಮಂಗಳೂರಿನಿಂದ ಟೊರೊಂಟೊಗೆ ಅಡಿಕೋಲಿಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕಾದ ಉತ್ತರ ಭಾಗ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ವಿಮಾನ ಹಾಗೆ ಹೋಗುವುದಿಲ್ಲ. ಉರುಟಾದ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡಿದಾಗ ಉತ್ತರದ ದೇಶಗಳು ಎಳೆದ ಹಿಟ್ಟಿನ ಹಾಗೆ ಅಗಲವಾಗುತ್ತವೆ. ಗ್ರೀನ್‌ಲ್ಯಾಂಡ್ ಆ ಪಟದಲ್ಲಿ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾದೊಳಗೆ ಅಂಥ ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಯುತ್ತವೆ. ಆ ಪಟದ ಮೇಲೆ ದೂರ ಅಳೆದರೆ ಲೆಕ್ಕ ತಪ್ಪದೆ ಇರುವುದಿಲ್ಲ.

ಶಾಲೆಯ ಗೋಳ ಒಂದು ಸಾಕು. ಅವತ್ತು ನನ್ನ ಬಳಿ ಗೋಳ ಇತ್ತು, ಹಿಗ್ಗದ ನೂಲು ಇರಲಿಲ್ಲ. ಅಕ್ಕ ಮಲ್ಲಿಗೆ ಕಟ್ಟುವ ಬಾಳೆನಾರು ತಂದರು. ಒಣಗಿದ ಬಾಳೆನಾರು ಎಳೆದರೆ ಹಿಗ್ಗುವುದಿಲ್ಲ, ಈ ಕೆಲಸಕ್ಕೆ ಬಹಳ ಒಳ್ಳೆಯದು. ಮಾಡುವ ಕ್ರಮ ಹೀಗೆ. ನಾರಿನ ಒಂದು ತುದಿಯನ್ನು ಮಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಕಡೆಯನ್ನು ಟೊರೊಂಟೊದ ಮೇಲೆ ತಂದು ಬಿಗಿಯಾಗಿ ಎಳೆಯಿರಿ. ಸಡಿಲ ಬಿಡಬೇಡಿ. ಬಿಗಿಯಾದಾಗ ನಾರು ತಾನಾಗಿ ಎಲ್ಲಿ ಕೂರುತ್ತದೋ ಅದೇ ಅತಿ ಹತ್ತಿರದ ದಾರಿ.

ಅಕ್ಕ ಎಳೆದಾಗ ನಾರು ಪಶ್ಚಿಮಕ್ಕೆ ಹೋಗಲೇ ಇಲ್ಲ. ಮೇಲಕ್ಕೆ ಹೋಯಿತು. ಮುಂಬೈಯ ಪಕ್ಕ, ಗುಜರಾತ್, ಪಾಕಿಸ್ತಾನ, ಅಫ್ಘಾನಿಸ್ತಾನ, ಉಜ್ಬೇಕಿಸ್ತಾನದ ಕಡೆಯಿಂದ ರಷ್ಯಾ, ಸ್ವೀಡನ್ ನಾರ್ವೆಗಳ ಉತ್ತರ ತುದಿ, ಆಮೇಲೆ ಗ್ರೀನ್‌ಲ್ಯಾಂಡಿನ ಹಿಮ, ಅಲ್ಲಿಂದ ಕೆನಡಾಕ್ಕೆ ಇಳಿಯಿತು. "ಇದು ಉತ್ತರ ಧ್ರುವದ ಹತ್ತಿರ ಹೋಗಿ ಬರುವುದಲ್ವಾ!" ಎಂದು ಅಕ್ಕ ನಾರನ್ನು ಬಿಟ್ಟು ಇನ್ನೊಮ್ಮೆ ಎಳೆದು ನೋಡಿದರು. ಮತ್ತೆ ಅಲ್ಲೇ ಕೂತಿತು.

ಈಗ ಆ ಉದ್ದ ಎಷ್ಟು ಎಂದು ತಿಳಿಯಬೇಕು. ಎರಡು ಊರುಗಳ ನಡುವಿನ ನಾರನ್ನು ಹಾಗೇ ಎತ್ತಿ ಭೂಮಧ್ಯರೇಖೆಯ ಮೇಲೆ ಮಲಗಿಸಿ. ಅಲ್ಲಿ ರೇಖಾಂಶದ ಡಿಗ್ರಿಗಳು ಬರೆದಿರುತ್ತವೆ. ಸೊನ್ನೆಯಿಂದ ಶುರು ಮಾಡಿ ನಾರು ಎಲ್ಲಿಗೆ ಮುಟ್ಟಿತು ನೋಡಿ. ನಮ್ಮದು 120ಕ್ಕಿಂತ ಒಂಚೂರು ಹಿಂದೆ ನಿಂತಿತು, ಸುಮಾರು 119. ಭೂಮಿಯ ಸುತ್ತಳತೆ ಅಲ್ಲಿ 40,075 ಕಿ.ಮೀ. ಅದನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 111 ಕಿ.ಮೀ. ಹಾಗಾಗಿ 119 × 111 = 13,209. ಗಣಿತದ ಸೂತ್ರದಲ್ಲಿ ನಾನು ಆಮೇಲೆ ಮಾಡಿ ನೋಡಿದಾಗ ಬಂದದ್ದು ಸುಮಾರು 13,200 ಕಿ.ಮೀ. ಬಾಳೆನಾರಿನ ಲೆಕ್ಕ ಅಷ್ಟು ಸರಿ ಇತ್ತು.

ಆ ಸೂತ್ರ ಬೇಕೆನ್ನುವವರಿಗೆ ಮಂಗಳೂರು–ದುಬೈ ದೂರವನ್ನು ಮಾಡಿ ತೋರಿಸುತ್ತೇನೆ. ಹನ್ನೊಂದು, ಹನ್ನೆರಡನೇ ತರಗತಿಯ ಮಕ್ಕಳಿದ್ದರೆ ಅವರಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ. ಮಂಗಳೂರು ನಿಲ್ದಾಣ 12.96 ಡಿಗ್ರಿ ಉತ್ತರ, 74.89 ಡಿಗ್ರಿ ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ. ರೇಖಾಂಶದ ವ್ಯತ್ಯಾಸ 19.53. ಮೊದಲು ಎರಡು ಅಕ್ಷಾಂಶಗಳ ಸೈನ್ ಗುಣಿಸಿ: 0.2243 × 0.4266 = 0.0957. ಆಮೇಲೆ ಎರಡರ ಕೊಸೈನ್ ಮತ್ತು ರೇಖಾಂಶದ ವ್ಯತ್ಯಾಸದ ಕೊಸೈನ್, ಈ ಮೂರನ್ನೂ ಗುಣಿಸಿ: 0.9745 × 0.9045 × 0.9425 = 0.8307. ಎರಡನ್ನೂ ಕೂಡಿಸಿದರೆ 0.9264. ಯಾವ ಕೋನದ ಕೊಸೈನ್ ಇದು ಎಂದು ಕ್ಯಾಲ್ಕುಲೇಟರ್‌ಗೆ ಕೇಳಿದರೆ 22.12 ಡಿಗ್ರಿ ಎನ್ನುತ್ತದೆ. 111.2ರಿಂದ ಗುಣಿಸಿ: ಸುಮಾರು 2,460 ಕಿ.ಮೀ. ಒಂದೇ ಎಚ್ಚರ, ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಬಾರದು, ಡಿಗ್ರಿಯಲ್ಲಿ ಇರಬೇಕು.

ಗೋಳವೂ ಇಲ್ಲ, ಸೂತ್ರವೂ ಬೇಡ ಎಂದರೆ ಫೋನಿನ ಗೂಗಲ್ ಮ್ಯಾಪ್ಸ್ ಸಾಕು. ಮಂಗಳೂರು ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಕೆಂಪು ಗುರುತು ಬೀಳುತ್ತದೆ. ಕೆಳಗಿನ ಪಟ್ಟಿ ಮೇಲೆಳೆದು ಮೆಷರ್ ಡಿಸ್ಟೆನ್ಸ್ ಒತ್ತಿ, ಪಟವನ್ನು ಟೊರೊಂಟೊದವರೆಗೆ ಸರಿಸಿ. ಅದು ಉರುಟು ಭೂಮಿಯ ದೂರವನ್ನೇ ತೋರಿಸುತ್ತದೆ. ಕೆಲವು ಕಡೆ ದೂರವನ್ನು ಮೈಲಿಯಲ್ಲೋ ನಾಟಿಕಲ್ ಮೈಲಿಯಲ್ಲೋ ಕೊಟ್ಟಿರುತ್ತಾರೆ. ಮೈಲಿಯಾದರೆ 1.609ರಿಂದ, ನಾಟಿಕಲ್ ಮೈಲಿಯಾದರೆ 1.852ರಿಂದ ಗುಣಿಸಿ ಕಿಲೋಮೀಟರ್ ಮಾಡಿಕೊಳ್ಳಿ.

ನಮ್ಮ ಕಡೆಯವರು ಜಾಸ್ತಿ ಹೋಗುವ ಊರುಗಳಿಗೆ ಮಂಗಳೂರಿನಿಂದ ನೇರ ದೂರ ಹೀಗಿದೆ: ಮಸ್ಕತ್ 2,110 ಕಿ.ಮೀ., ದುಬೈ 2,460, ದೋಹಾ 2,800, ಕುವೈತ್ 3,310, ಲಂಡನ್ ಹೀಥ್ರೋ 7,870. ಹತ್ತಿಪ್ಪತ್ತು ಕಿ.ಮೀ. ಆಚೀಚೆ ಆಗಬಹುದು.

ಮೂರನೇ ಹೆಜ್ಜೆ: ನಡುವೆ ಇಳಿಯುವ ಊರಿನ ಸುತ್ತು ಎಷ್ಟು ನೋಡಿ

ಮಂಗಳೂರಿನಿಂದ ಟೊರೊಂಟೊಗೆ ನೇರ ವಿಮಾನ ಇಲ್ಲ. ಎಲ್ಲೋ ಇಳಿದು ಹತ್ತಬೇಕು. ದುಬೈಗೆ ಹೋಗಿ ಹೋದರೆ ಸುತ್ತು ಬಳಸಿದ ಹಾಗೆ ಅಲ್ವಾ ಎಂದು ಅಕ್ಕ ಕೇಳಿದರು. ಲೆಕ್ಕ ಹಾಕಿದೆವು. ಮಂಗಳೂರು–ದುಬೈ 2,460, ದುಬೈ–ಟೊರೊಂಟೊ 11,080. ಒಟ್ಟು 13,540. ನೇರ ದಾರಿ 13,200. ಅಂದರೆ ಬರೀ 340 ಕಿ.ಮೀ. ಜಾಸ್ತಿ, ವಿಮಾನಕ್ಕೆ ಅರ್ಧ ಗಂಟೆಯೂ ಅಲ್ಲ. ದೆಹಲಿಯ ಮೇಲಾಗಿ ಹೋದರೆ ಮೊದಲು 1,750, ಆಮೇಲೆ 11,640, ಒಟ್ಟು 13,390. ಇನ್ನೂ ಕಡಿಮೆ.

ಆದರೆ ಇದು ಗೋಳದ ಮೇಲಿನ ದೂರ. ಆಕಾಶದಲ್ಲಿಯೂ ಬೇಲಿ ಇದೆ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ಕಂಪನಿಗಳ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ನಮ್ಮ ವಿಮಾನಗಳು ಆಗ ಅರಬ್ಬಿ ಸಮುದ್ರದ ಕಡೆಗೆ ತಿರುಗಿ ಸುತ್ತಬೇಕಾಯಿತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗಿನಿಂದ ಯುರೋಪ್, ಅಮೆರಿಕ, ಕೆನಡಾದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. ಹಾಗಾಗಿ ಒಂದೇ ಎರಡು ಊರುಗಳ ನಡುವೆ ಒಂದು ಕಂಪನಿ ತೆಗೆದುಕೊಳ್ಳುವ ಸಮಯ ಇನ್ನೊಂದಕ್ಕೆ ಇರುವುದಿಲ್ಲ. ಟಿಕೆಟ್ ತೆಗೆಯುವ ಮುಂಚೆ ದೂರ ನೋಡುವುದರ ಜೊತೆಗೆ ಆ ಕಂಪನಿ ಕೊಟ್ಟ ಗಂಟೆಗಳನ್ನೂ ಹೋಲಿಸಿ.

ನಾಲ್ಕನೇ ಹೆಜ್ಜೆ: ದೂರದಿಂದ ಗಂಟೆ

ದೊಡ್ಡ ವಿಮಾನ ಎತ್ತರಕ್ಕೇರಿದ ಮೇಲೆ ಗಂಟೆಗೆ 850ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತದೆ. ನಾನು ಬಳಸುವ ಲೆಕ್ಕ ಸುಲಭದ್ದು: ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸಿ. ಆ ಅರ್ಧ ಗಂಟೆ ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಉರುಳುವುದಕ್ಕೆ.

ದುಬೈಗೆ 2,460ನ್ನು 850ರಿಂದ ಭಾಗಿಸಿದರೆ 2.9, ಅರ್ಧ ಸೇರಿದರೆ 3.4. ಅಂದರೆ 3 ಗಂಟೆ 24 ನಿಮಿಷ. ಟೊರೊಂಟೊಗೆ ದುಬೈಯಿಂದ 11,080ನ್ನು ಭಾಗಿಸಿದರೆ 13, ಅರ್ಧ ಸೇರಿದರೆ ಹದಿಮೂರೂವರೆ.

ಟಿಕೆಟ್‌ನಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿ ಇರುತ್ತದೆ, ಪಶ್ಚಿಮಕ್ಕೆ ಹೋಗುವಾಗ ಖಂಡಿತ ಜಾಸ್ತಿ. ಕಾರಣ ಗಾಳಿ. ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ಗಂಟೆಗೆ ನೂರು, ಇನ್ನೂರು ಕಿ.ಮೀ. ವೇಗ ಅದಕ್ಕೆ ಸಾಮಾನ್ಯ. ಚಂದ್ರಗಿರಿ ಹೊಳೆಯಲ್ಲಿ ದೋಣಿ ಏರುದಾರಿಯಲ್ಲಿ ಹುಟ್ಟು ಹಾಕುವುದಕ್ಕೂ ನೀರಿನ ಸೆಳೆತಕ್ಕೆ ಬಿಟ್ಟುಕೊಂಡು ಬರುವುದಕ್ಕೂ ಇರುವ ವ್ಯತ್ಯಾಸ ಇದು. ದುಬೈಯಿಂದ ಟೊರೊಂಟೊಗೆ ಸುಮಾರು 14 ಗಂಟೆ ಬೇಕು. ಅದೇ ದಾರಿಯಲ್ಲಿ ವಾಪಸ್ ಬರಲಿಕ್ಕೆ ಸುಮಾರು ಹನ್ನೆರಡೂವರೆ. ಹೋಗುವಾಗ ಸರಾಸರಿ ವೇಗ 790, ಬರುವಾಗ 885. ಮಂಗಳೂರು–ದುಬೈಗೂ ಹಾಗೇ, ಹೋಗುವಾಗಿನದಕ್ಕಿಂತ ಬರುವ ದಾರಿ ಇಪ್ಪತ್ತು ನಿಮಿಷದ ಹಾಗೆ ಕಡಿಮೆ.

ಟಿಕೆಟ್‌ನಲ್ಲಿರುವುದು ವಿಮಾನ ಗೇಟು ಬಿಡುವ ಸಮಯ ಮತ್ತು ಅಲ್ಲಿಯ ಗೇಟಿಗೆ ನಿಲ್ಲುವ ಸಮಯ. ಗಾಳಿಯಲ್ಲಿರುವುದು ಅದಕ್ಕಿಂತ ಇಪ್ಪತ್ತು ಮೂವತ್ತು ನಿಮಿಷ ಕಡಿಮೆ. ಅದಕ್ಕೇ ಒಳಗೆ ಪೈಲಟ್ ಹೇಳುವ ಸಮಯಕ್ಕೂ ಟಿಕೆಟ್‌ನದ್ದಕ್ಕೂ ತಾಳೆ ಬರುವುದಿಲ್ಲ.

ಬಹಳ ಸಣ್ಣ ದೂರಕ್ಕೆ ನನ್ನ 850ರ ಲೆಕ್ಕ ಬಳಸಬೇಡಿ. ಮಂಗಳೂರು–ಬೆಂಗಳೂರು ನೇರ ದೂರ ಸುಮಾರು 305 ಕಿ.ಮೀ. ಅಷ್ಟರಲ್ಲಿ ವಿಮಾನ ಏರಿ ಇಳಿಯುವುದರಲ್ಲೇ ಇರುತ್ತದೆ, ಪೂರ್ತಿ ವೇಗ ಹಿಡಿಯುವುದೇ ಇಲ್ಲ. ಟಿಕೆಟ್‌ನಲ್ಲಿ ಒಂದು ಗಂಟೆ, ಅದಕ್ಕೂ ಸ್ವಲ್ಪ ಮೇಲೆ ಇರುತ್ತದೆ.

ಐದನೇ ಹೆಜ್ಜೆ: ಎಲ್ಲವನ್ನೂ ನಮ್ಮ ಗಡಿಯಾರಕ್ಕೆ ತನ್ನಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಟಿಕೆಟ್‌ನಲ್ಲಿ ಪ್ರತಿ ಸಮಯವೂ ಆಯಾ ಊರಿನ ಸಮಯ. ಹೊರಡುವುದು ಮಂಗಳೂರಿನ ಗಡಿಯಾರದಲ್ಲಿ, ಮುಟ್ಟುವುದು ಟೊರೊಂಟೊದ ಗಡಿಯಾರದಲ್ಲಿ. ಎರಡು ಬೇರೆ ಗಡಿಯಾರಗಳನ್ನು ಕಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಗಂಟೆಗೆ 15 ಡಿಗ್ರಿ. ಕಾಸರಗೋಡು ಹೆಚ್ಚುಕಡಿಮೆ 75 ಡಿಗ್ರಿ ರೇಖಾಂಶದ ಮೇಲೇ ಇದೆ. ಭಾರತದ ಗಡಿಯಾರ ಇಟ್ಟಿರುವುದು 82.5 ಡಿಗ್ರಿಗೆ. ಏಳೂವರೆ ಡಿಗ್ರಿ ಅಂದರೆ ಅರ್ಧ ಗಂಟೆ. ಅದಕ್ಕೇ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಹನ್ನೆರಡಕ್ಕಲ್ಲ, ಸುಮಾರು ಹನ್ನೆರಡೂವರೆಗೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ಅತಿ ಗಿಡ್ಡ ಆಗುವುದು ಯಾವಾಗ ನೋಡಿ, ಗೊತ್ತಾಗುತ್ತದೆ. ಮಕ್ಕಳಿಗೆ ಸಮಯದ ವ್ಯತ್ಯಾಸ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ನಮ್ಮ ಗಡಿಯಾರಕ್ಕಿಂತ ದುಬೈ, ಮಸ್ಕತ್ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಗಲ್ಫಿನ ಈ ದೇಶಗಳಲ್ಲಿ ವರ್ಷವಿಡೀ ಇದೇ. ಲಂಡನ್, ಟೊರೊಂಟೊದಲ್ಲಿ ಹಾಗಲ್ಲ, ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಲಂಡನ್ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ಟೊರೊಂಟೊ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ. ಆಸ್ಟ್ರೇಲಿಯಾದ ಸಿಡ್ನಿಯಾದರೆ ನಮಗಿಂತ ಮುಂದೆ.

ಈಗ ಅಕ್ಕನ ಕಾಗದಕ್ಕೆ ಬರೋಣ. ಒಂದು ನೋಟ್‌ಬುಕ್ ಹಾಳೆಯಲ್ಲಿ ಎರಡು ಸಾಲು ಗೆರೆ ಎಳೆದೆ. ಎಡಕ್ಕೆ ಟಿಕೆಟ್‌ನ ಸಮಯ, ಬಲಕ್ಕೆ ನಮ್ಮ ಸಮಯ.

ಮಂಗಳೂರು ಬಿಡುವುದು: 28 ರಾತ್ರಿ 9:30 – ನಮ್ಮಲ್ಲಿ 28 ರಾತ್ರಿ 9:30
ದುಬೈ ಮುಟ್ಟುವುದು: 28 ರಾತ್ರಿ 11:40 – ನಮ್ಮಲ್ಲಿ 29 ಬೆಳಗಿನ ಜಾವ 1:10
ದುಬೈ ಬಿಡುವುದು: 29 ಬೆಳಗಿನ ಜಾವ 3:30 – ನಮ್ಮಲ್ಲಿ 29 ಬೆಳಿಗ್ಗೆ 5:00
ಟೊರೊಂಟೊ ಮುಟ್ಟುವುದು: 29 ಬೆಳಿಗ್ಗೆ 9:30 – ನಮ್ಮಲ್ಲಿ 29 ಸಂಜೆ 7:00

ಬಲಗಡೆಯ ಸಾಲನ್ನು ಮಾತ್ರ ಕಳೆಯಿರಿ. ರಾತ್ರಿ 9:30ರಿಂದ ಮರುದಿನ ಸಂಜೆ 7:00, ಇಪ್ಪತ್ತೊಂದೂವರೆ ಗಂಟೆ. ಅದರಲ್ಲಿ ವಿಮಾನದೊಳಗೆ 3 ಗಂಟೆ 40 ನಿಮಿಷ ಮತ್ತು 14 ಗಂಟೆ. ದುಬೈಯಲ್ಲಿ ಕಾಯುವುದು 3 ಗಂಟೆ 50 ನಿಮಿಷ. ಅಕ್ಕ ಹನ್ನೆರಡು ಎಂದುಕೊಂಡದ್ದು ಇಪ್ಪತ್ತೊಂದೂವರೆ ಆಯಿತು. ಆ ಹಾಳೆಯನ್ನು ಅವರು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು.

ತಾರೀಕಿನ ವಿಷಯ, ದಯವಿಟ್ಟು ಇದನ್ನು ಬಿಟ್ಟು ಓದಬೇಡಿ

ವಿಮಾನದ ಸಮಯ 24 ಗಂಟೆಯ ಲೆಕ್ಕದಲ್ಲಿರುತ್ತದೆ. 21:30 ಅಂದರೆ ರಾತ್ರಿ ಒಂಬತ್ತೂವರೆ. ಅಪಾಯ ಇರುವುದು 00 ಎಂದು ಶುರುವಾಗುವ ಸಮಯದಲ್ಲಿ.

ಕೆಲವು ವರ್ಷಗಳ ಹಿಂದೆ ನಮ್ಮ ಬಾವನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು. ಟಿಕೆಟ್‌ನಲ್ಲಿ 15ನೇ ತಾರೀಕು, 00:40 ಎಂದಿತ್ತು. ನಾವು 15ರ ಸಂಜೆ ಊಟ ಕಟ್ಟಿಕೊಂಡು, ದೇವರಿಗೆ ಕೈಮುಗಿದು, ಎರಡು ಕಾರಿನಲ್ಲಿ ಹೊರಟೆವು. ನಿಲ್ದಾಣದ ಬಾಗಿಲಲ್ಲಿ ಕಾವಲಿನವರು ಟಿಕೆಟ್ ನೋಡಿ, ಮೆಲ್ಲಗೆ, "ಇದು ನಿನ್ನೆ ರಾತ್ರಿಯದ್ದು" ಎಂದರು. 15ರ 00:40 ಅಂದರೆ 14ರ ರಾತ್ರಿ ಹನ್ನೆರಡು ಕಳೆದು ನಲವತ್ತು ನಿಮಿಷ. 14ರ ಸಂಜೆಯೇ ಮನೆ ಬಿಡಬೇಕಿತ್ತು. ಬಾವ ಲಗೇಜ್ ಮೇಲೆ ಕೂತುಬಿಟ್ಟರು. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಹೊಸ ಟಿಕೆಟಿಗೆ ನನ್ನ ಒಡಹುಟ್ಟಿದ ಅಕ್ಕನ ಎರಡು ಬಳೆ ಹೋಯಿತು. ಟಿಕೆಟ್ ಓದಿದ್ದು ನಾನು. ಅವತ್ತಿನಿಂದ ಯಾರ ಟಿಕೆಟ್ ಕೈಗೆ ಬಂದರೂ ಮೊದಲು ನೋಡುವುದು ಇದನ್ನೇ.

ಮಧ್ಯರಾತ್ರಿಯಿಂದ ಬೆಳಗಿನ ನಾಲ್ಕರ ಒಳಗಿನ ವಿಮಾನ ಇದ್ದರೆ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಕಿಗೆ ಗುರುತು ಹಾಕಬೇಡಿ. ಮನೆ ಬಿಡುವ ತಾರೀಕಿಗೆ ಹಾಕಿ. ಮುಟ್ಟುವ ಸಮಯದ ಪಕ್ಕ +1 ಎಂದು ಸಣ್ಣದಾಗಿ ಇದ್ದರೆ ಮರುದಿನ ಮುಟ್ಟುತ್ತದೆ ಎಂದರ್ಥ. ಕರೆದುಕೊಂಡು ಬರಲು ಹೋಗುವವರು ಅದನ್ನು ಮರೆಯಬಾರದು.

ಆರನೇ ಹೆಜ್ಜೆ: ನಡುವಿನ ಕಾಯುವಿಕೆ ಸಾಕೇ?

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇವೆಯೇ? ಹೌದಾದರೆ ಸಾಮಾನ್ಯವಾಗಿ ಲಗೇಜ್ ಇಲ್ಲಿಂದ ನೇರ ಅಲ್ಲಿಗೆ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನದಕ್ಕೆ ಕೂರಿಸುವುದು ಕಂಪನಿಯ ಹೊಣೆ. ಆಗ ಮೂರು ನಾಲ್ಕು ಗಂಟೆ ಸಾಕು.

ಬೇರೆ ಬೇರೆ ಟಿಕೆಟ್ ಆದರೆ ಕತೆಯೇ ಬೇರೆ. ನಡುವಿನ ಊರಿನಲ್ಲಿ ಲಗೇಜ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗುತ್ತದೆ. ಅದಕ್ಕೆ ಆ ದೇಶದೊಳಗೆ ಹೋಗಬೇಕಾದರೆ ವೀಸಾ ಬೇಕಾದೀತು. ಮೊದಲ ವಿಮಾನ ತಡವಾದರೆ ಎರಡನೇ ಟಿಕೆಟಿನ ಹಣ ಹೋದ ಹಾಗೆ. ಅಗ್ಗಕ್ಕೆ ಎರಡು ಟಿಕೆಟ್ ಜೋಡಿಸಿ ಕೊಡುವವರಿದ್ದಾರೆ. ನಾನಂತೂ ಮೊದಲ ಸಲ ಹೋಗುವ ಮಕ್ಕಳಿಗೆ ಅದು ಬೇಡವೇ ಬೇಡ ಎನ್ನುತ್ತೇನೆ. ಹತ್ತು ಸಾವಿರ ಉಳಿಸಲು ಹೋಗಿ ಮಗುವನ್ನು ಗೊತ್ತಿಲ್ಲದ ಊರಿನಲ್ಲಿ ಒಂಟಿಯಾಗಿ ನಿಲ್ಲಿಸುವುದು ಸರಿಯಲ್ಲ.

ಏಳನೇ ಹೆಜ್ಜೆ: ಮನೆಯಿಂದ ಹೊರಡುವ ಸಮಯ

ಇದನ್ನು ಹಿಂದಿನಿಂದ ಲೆಕ್ಕ ಹಾಕಿ. ವಿಮಾನ ರಾತ್ರಿ 9:30ಕ್ಕೆ. ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ, ಅಂದರೆ 6:30ಕ್ಕೆ ನಿಲ್ದಾಣದ ಬಾಗಿಲಲ್ಲಿರಬೇಕು. ಚೆಕ್-ಇನ್ ಕೌಂಟರ್ ವಿಮಾನ ಹೊರಡುವ ಸುಮಾರು ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ.

ನಮ್ಮ ಕಡೆಯಿಂದ ಸೀತಾಂಗೋಳಿ ಮೇಲಾಗಿ ಕುಂಬಳೆಗೆ ಇಳಿದು ಹೆದ್ದಾರಿ ಹಿಡಿಯಬೇಕು. ಆಮೇಲೆ ಉಪ್ಪಳ, ಮಂಜೇಶ್ವರ, ತಲಪಾಡಿ, ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್, ನಂತೂರು. ಅಲ್ಲಿಂದ ಗುಡ್ಡದ ಮೇಲಿನ ನಿಲ್ದಾಣಕ್ಕೆ ಹತ್ತಬೇಕು. ದಾರಿ ಖಾಲಿ ಇದ್ದರೆ ಎರಡು ಗಂಟೆ. ಆದರೆ ಸಂಜೆ ಐದರ ಮೇಲೆ ಪಂಪ್‌ವೆಲ್, ನಂತೂರಿನಲ್ಲಿ ವಾಹನ ಅಲುಗಾಡುವುದಿಲ್ಲ. ಮಳೆಗಾಲದಲ್ಲಿ ಹೆದ್ದಾರಿಯಲ್ಲಿ ನೀರು ನಿಲ್ಲುತ್ತದೆ, ಕೆಲಸ ನಡೆಯುವ ಕಡೆ ಬದಿಯ ದಾರಿಗೆ ಇಳಿಸುತ್ತಾರೆ. ನಾನು ಒಂದೂವರೆ ಗಂಟೆ ಹೆಚ್ಚಿಗೆ ಹಿಡಿಯುತ್ತೇನೆ. ಹಾಗಾಗಿ 3:00ಕ್ಕೆ ಮನೆ ಬಿಡುವುದು. ಅಕ್ಕ ಎರಡೂವರೆಗೇ ಹೊರಡಿಸಿದರು. ಅದೇನೂ ಜಾಸ್ತಿ ಆಗಲಿಲ್ಲ.

ರೈಲಿನಲ್ಲಿ ಹೋಗುವವರು ಮಂಗಳೂರು ಸೆಂಟ್ರಲ್‌ನಿಂದ ನಿಲ್ದಾಣಕ್ಕೆ ಇನ್ನೂ ಒಂದು ಗಂಟೆ ಇಟ್ಟುಕೊಳ್ಳಿ. ಬಾಡಿಗೆ ಕಾರು ಹೆಚ್ಚಿನ ಸಲ ಬೇಗ ಸಿಗುತ್ತದೆ, ಮಳೆ ಬಂದ ದಿನ ಸಿಗುವುದಿಲ್ಲ.

ಈಗ ಪೂರ್ತಿ ದಾರಿ ಕೂಡಿಸಿ. 28ರ ಮಧ್ಯಾಹ್ನ 3:00ಕ್ಕೆ ಮನೆ, 29ರ ಸಂಜೆ 7:00ಕ್ಕೆ ಟೊರೊಂಟೊ. 28 ಗಂಟೆ. ಅಲ್ಲಿ ಇಮಿಗ್ರೇಷನ್ ಸಾಲು, ವಿದ್ಯಾರ್ಥಿಯ ಪರ್ಮಿಟ್, ಲಗೇಜ್ ಎಂದು ಕಡಿಮೆಯೆಂದರೂ ಎರಡು ಗಂಟೆ. ಒಟ್ಟು ಮೂವತ್ತು. ಅದರಲ್ಲಿ ವಿಮಾನದೊಳಗಿನದ್ದು ಹದಿನೆಂಟೂ ಇಲ್ಲ. ಊಟ, ಔಷಧಿ, ಫೋನಿನ ಚಾರ್ಜು, ಬದಲಿ ಬಟ್ಟೆ ಎಲ್ಲವನ್ನೂ ಈ ಮೂವತ್ತು ಗಂಟೆಗೆ ಸರಿಯಾಗಿ ಕೈಚೀಲದಲ್ಲಿ ಇಡಿ.

ಎಂಟನೇ ಹೆಜ್ಜೆ: ಮನೆಯಲ್ಲಿ ಕಾಯುವವರಿಗೆ

ಟಿಕೆಟ್‌ನಲ್ಲಿ ವಿಮಾನದ ನಂಬರ್ ಇರುತ್ತದೆ, ಎರಡು ಅಕ್ಷರ ಮತ್ತು ಕೆಲವು ಅಂಕಿ. ಅದನ್ನು ಗೂಗಲ್‌ನಲ್ಲಿ ಹಾಕಿದರೆ ಹೊರಟಿತೇ, ತಡವೇ, ಮುಟ್ಟಿತೇ ಎಂದು ತೋರಿಸುತ್ತದೆ. ಫ್ಲೈಟ್‌ರಾಡಾರ್24 ಎಂಬ ಆ್ಯಪ್‌ನಲ್ಲಿ ವಿಮಾನ ಈಗ ಎಲ್ಲಿದೆ ಎಂದೇ ಕಾಣುತ್ತದೆ. ವಿಮಾನ ಕಳಿಸುವ ಸಂಕೇತವನ್ನು ನೆಲದಲ್ಲಿರುವ ಯಂತ್ರಗಳು ಹಿಡಿದು ಅದನ್ನು ತೋರಿಸುವುದು.

ಹಾಗಾಗಿ ಸಮುದ್ರದ ನಡುವೆ, ಗ್ರೀನ್‌ಲ್ಯಾಂಡಿನಂಥ ಜನ ಬಹಳ ಕಡಿಮೆ ಇರುವ ಕಡೆ ವಿಮಾನದ ಗುರುತು ಕಾಣದೆ ಹೋಗಬಹುದು. ಅಲ್ಲಿ ಹಿಡಿಯುವ ಯಂತ್ರ ಇಲ್ಲ, ಅಷ್ಟೇ. ವಿಮಾನಕ್ಕೆ ಏನೂ ಆಗಿರುವುದಿಲ್ಲ. ಕೆನಡಾದ ಕರಾವಳಿ ಹತ್ತಿರ ಬಂದಾಗ ಮತ್ತೆ ಕಾಣುತ್ತದೆ. ಅಕ್ಕನಿಗೆ ಇದನ್ನು ಮೊದಲೇ ಹೇಳಿಟ್ಟಿದ್ದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗುರುತು ಮಾಯವಾದಾಗ ಅವರು ಫೋನ್ ಕೆಳಗಿಟ್ಟು ಅಡಿಕೆ ಸುಲಿಯಲು ಕೂತರಂತೆ.

ಇಳಿದ ಕೂಡಲೇ ಫೋನ್ ಬರುತ್ತದೆ ಎಂದು ಕಾಯಬೇಡಿ. ನಮ್ಮ ಸಿಮ್ ಅಲ್ಲಿ ನಡೆಯದೆ ಇರಬಹುದು, ನಿಲ್ದಾಣದ ವೈಫೈ ಹಿಡಿಯಲು ಸಮಯ ಬೇಕು. 7:00ಕ್ಕೆ ಇಳಿಯುವುದಾದರೆ 9:00ರವರೆಗೆ ಸುಮ್ಮನಿರಿ ಎಂದಿದ್ದೆ. "ಮುಟ್ಟಿದೆ ಅಮ್ಮ" ಎಂಬ ಮೆಸೇಜ್ ಬಂದದ್ದು 8:50ಕ್ಕೆ.

ಆ ನೋಟ್‌ಬುಕ್ ಹಾಳೆ ಈಗಲೂ ಅವರ ಅಡುಗೆಮನೆಯ ಗೋಡೆಯಲ್ಲಿ, ಪಂಚಾಂಗದ ಪಕ್ಕ ಇದೆ. ಕೆಳಗೆ ಅವರೇ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾರೆ: "ನಮ್ಮ ಸಮಯದಿಂದ ಒಂಬತ್ತೂವರೆ ಕಳೆಯುವುದು." ಮಗನಿಗೆ ಫೋನ್ ಮಾಡುವಾಗ ಅಲ್ಲಿ ನಡುರಾತ್ರಿ ಆಗಿರಬಾರದಲ್ವಾ. ನಿಮ್ಮ ಮನೆಯಲ್ಲೂ ಹೀಗೆ ಬರೆದು ಅಂಟಿಸಿದ್ದರೆ ನವೆಂಬರಿನ ಮೊದಲ ಭಾನುವಾರ ಮರೆಯದೆ ಒಂಬತ್ತೂವರೆಯನ್ನು ಅಳಿಸಿ ಹತ್ತೂವರೆ ಎಂದು ಬರೆಯಿರಿ. ಮಾರ್ಚಿನ ಎರಡನೇ ಭಾನುವಾರ ಮತ್ತೆ ಒಂಬತ್ತೂವರೆ ಮಾಡಬೇಕು. ಅಳಿಸಿ ಬರೆಯುವುದು ಇರುವುದರಿಂದ ಪೆನ್ನು ಬೇಡ, ಪೆನ್ಸಿಲೇ ಇರಲಿ.